ಲೋಟದೊಳಗೆ ಏರಿದ ನೀರು

ತಟ್ಟೆಯ ನಡುವೆ ಒಂದು ಮೇಣದಬತ್ತಿ ನಿಲ್ಲಿಸಿ, ಸುತ್ತ ಒಂದೆರಡು ಬೆರಳು ಎತ್ತರಕ್ಕೆ ನೀರು ಹೊಯ್ದು, ಬತ್ತಿ ಹೊತ್ತಿಸಿ ಅದರ ಮೇಲೆ ಗಾಜಿನ ಲೋಟ ಬೋರಲು ಹಾಕಿದರೆ ಏನಾಗುತ್ತದೆ? ಶಾಲೆಯ ಮೆಟ್ಟಿಲು ಹತ್ತಿದ ಯಾರನ್ನು ಕೇಳಿದರೂ ಹೇಳುತ್ತಾರೆ: ಉರಿ ಕುಗ್ಗಿ ಆರುತ್ತದೆ, ತಟ್ಟೆಯ ನೀರು ಲೋಟದೊಳಗೆ ಏರುತ್ತದೆ. ಏಕೆ ಏರಿತು ಎಂದರೆ ಅದಕ್ಕೂ ಉತ್ತರ ಸಿದ್ಧವಿರುತ್ತದೆ. ಬತ್ತಿ ಉರಿದಾಗ ಗಾಳಿಯಲ್ಲಿದ್ದ ಆಮ್ಲಜನಕ ಖರ್ಚಾಯಿತು, ತೆರವಾದ ಜಾಗಕ್ಕೆ ನೀರು ಬಂತು, ಗಾಳಿಯಲ್ಲಿ ಆಮ್ಲಜನಕ ಐದರಲ್ಲೊಂದು ಪಾಲು ಇರುವುದರಿಂದ ನೀರೂ ಲೋಟದ ಐದರಲ್ಲೊಂದು ಪಾಲಿನಷ್ಟು ಏರಿತು.

ಈ ವಿವರಣೆ ಚೊಕ್ಕವಾಗಿದೆ. ಮೇಷ್ಟರು ಹೇಳುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ, ಆ ಮಕ್ಕಳೇ ಬೆಳೆದು ಮೇಷ್ಟರಾಗಿ ತಮ್ಮ ತರಗತಿಯಲ್ಲಿ ಮತ್ತೆ ಅದನ್ನೇ ಹೇಳುತ್ತಾರೆ. ಎಷ್ಟೋ ದೇಶಗಳಲ್ಲಿ ಎಷ್ಟೋ ತಲೆಮಾರುಗಳಿಂದ ಹೀಗೇ ನಡೆದುಬಂದಿದೆ. ಆದರೆ ವಿವರಣೆ ತಪ್ಪು. ತಪ್ಪೆಂದು ತೋರಿಸುವ ಸಾಕ್ಷಿಯೆಲ್ಲ ಆ ತಟ್ಟೆಯಲ್ಲೇ, ಎಲ್ಲರ ಕಣ್ಣ ಮುಂದೆಯೇ ಇರುತ್ತದೆ. ಕೈಯಾರೆ ಪ್ರಯೋಗ ಮಾಡಿಯೂ ಇಷ್ಟು ಜನಕ್ಕೆ ಅದು ಕಾಣದೇ ಹೋಗುವುದು ಹೇಗೆ ಎಂಬುದೇ ವಿಜ್ಞಾನ ಕಲಿಸುವವರು ಕೇಳಿಕೊಳ್ಳಬೇಕಾದ ದೊಡ್ಡ ಪ್ರಶ್ನೆ ಎಂದು ನನಗನ್ನಿಸುತ್ತದೆ.

ಮೊದಲು ತಟ್ಟೆಯನ್ನೇ ನೋಡೋಣ. ನೀರು ಯಾವಾಗ ಏರುತ್ತದೆ? ಆಮ್ಲಜನಕ ಖರ್ಚಾಗುವುದರಿಂದಲೇ ಏರುವುದಾದರೆ ಬತ್ತಿ ಉರಿಯುತ್ತಿರುವಷ್ಟು ಹೊತ್ತೂ ಒಂದೇ ಸಮನೆ ಏರಬೇಕು, ಉರಿ ಆರಿದ ಕ್ಷಣಕ್ಕೆ ನಿಲ್ಲಬೇಕು. ಆಗುವುದು ಇದಕ್ಕೆ ತಿರುಗುಮುರುಗು. ಉರಿ ಇರುವಾಗ ನೀರು ಹೆಚ್ಚೇನೂ ಕದಲುವುದಿಲ್ಲ. ಉರಿ ಸಣ್ಣದಾಗಿ ಆರುವ ಹೊತ್ತಿಗೆ ಸರ್ರನೆ ಮೇಲೆದ್ದು, ಆರಿದ ಮೇಲೂ ಸ್ವಲ್ಪ ಹೊತ್ತು ಏರುತ್ತಲೇ ಇರುತ್ತದೆ. ಇನ್ನೊಂದು, ಲೋಟ ಬೋರಲು ಹಾಕಿದೊಡನೆ ಅದರ ಅಂಚಿನಿಂದ ಕೆಲವು ಗುಳ್ಳೆಗಳು ಹೊರಗೆ ಬರುವುದುಂಟು. ಒಳಗೆ ಗಾಳಿ ಕಡಿಮೆಯಾಗುತ್ತಿದ್ದರೆ ಹೊರಗೆ ಗುಳ್ಳೆ ಬರಬೇಕಾದ ಕಾರಣವಿಲ್ಲ.

ಈಗ ಅದೇ ಲೋಟದಡಿ ಒಂದರ ಬದಲು ಮೂರು ಬತ್ತಿ ಹಚ್ಚಿಡಿ. ಲೋಟ ಅದೇ, ಗಾಳಿ ಅಷ್ಟೇ, ಆಮ್ಲಜನಕವೂ ಅಷ್ಟೇ. ನೀರು ಮಾತ್ರ ಮೊದಲಿಗಿಂತ ಬಹಳ ಮೇಲಕ್ಕೆ ಹೋಗುತ್ತದೆ. ಐದರಲ್ಲೊಂದು ಪಾಲಿನ ಲೆಕ್ಕ ಇಲ್ಲಿಗೆ ಬಿತ್ತು. ಬತ್ತಿಯೇ ಇಲ್ಲದೆಯೂ ನೀರನ್ನು ಏರಿಸಬಹುದು. ದಪ್ಪ ಸ್ಟೀಲ್ ಲೋಟಕ್ಕೆ ಬಿಸಿನೀರು ತುಂಬಿ, ಒಂದು ನಿಮಿಷ ಬಿಟ್ಟು, ನೀರು ಚೆಲ್ಲಿ ತಕ್ಷಣ ತಟ್ಟೆಯ ನೀರಿನಲ್ಲಿ ಬೋರಲು ಹಾಕಿ. ಲೋಟ ತಣಿಯುತ್ತಿದ್ದಂತೆ ತಟ್ಟೆಯ ನೀರು ಕಡಿಮೆಯಾಗುವುದು ಕಾಣುತ್ತದೆ. ಇಲ್ಲಿ ಏನೂ ಉರಿದಿಲ್ಲ. ಬಿಸಿ ಲೋಟದಲ್ಲಿ ಹಿಗ್ಗಿದ್ದ ಗಾಳಿ ತಣಿದು ಕುಗ್ಗಿತು, ಒಳಗಿದ್ದ ಆವಿ ನೀರಾಯಿತು, ಹೊರಗಿನ ವಾಯುಭಾರ ತಟ್ಟೆಯ ನೀರನ್ನು ಒಳಕ್ಕೆ ಒತ್ತಿತು.

ಮೇಣದಬತ್ತಿಯ ಲೋಟದಲ್ಲೂ ಮುಖ್ಯವಾಗಿ ನಡೆದದ್ದು ಇದೇ. ಉರಿಯುವ ಬತ್ತಿಯ ಮೇಲೆ ಲೋಟ ಇಳಿಸುವಾಗ ಅದರೊಳಗೆ ತುಂಬಿಕೊಳ್ಳುವುದು ಬಿಸಿಯಾಗಿ ಹಿಗ್ಗಿದ ಗಾಳಿ. ಹೊರಗೆ 27 ಡಿಗ್ರಿ ಸೆಲ್ಸಿಯಸ್ ಇದ್ದು ಲೋಟದ ಗಾಳಿ ಸರಾಸರಿ 100 ಡಿಗ್ರಿಯ ಸುಮಾರಿಗೆ ಬಿಸಿಯಾಗಿತ್ತು ಎಂದುಕೊಳ್ಳಿ. ಕೆಲ್ವಿನ್ ಮಾನದಲ್ಲಿ ಇದು 300 ಮತ್ತು 373. ತಣಿದು 300ಕ್ಕೆ ಇಳಿದಾಗ ಗಾಳಿಯ ಗಾತ್ರ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಕುಗ್ಗುತ್ತದೆ. ಆಮ್ಲಜನಕದ ಪಾಲಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಎರಡೂ ಅಂಕಿ ಒಂದೇ ಆಗಿಬಿಡುವುದು ಬರಿ ಆಕಸ್ಮಿಕ. ತಪ್ಪು ವಿವರಣೆ ಇಷ್ಟು ಕಾಲ ಉಳಿದದ್ದಕ್ಕೆ ಈ ಆಕಸ್ಮಿಕವೂ ಒಂದು ಕಾರಣವಿರಬೇಕು.

ಹಾಗಾದರೆ ಆಮ್ಲಜನಕ ಖರ್ಚಾಗಲೇ ಇಲ್ಲವೇ? ಆಯಿತು, ಆದರೆ ಪೂರ್ತಿ ಅಲ್ಲ. ಮುಚ್ಚಿದ ಪಾತ್ರೆಯಲ್ಲಿ ಆಮ್ಲಜನಕ ಶೇಕಡಾ 21ರಿಂದ ಸುಮಾರು 16ಕ್ಕೆ ಇಳಿಯುವ ಹೊತ್ತಿಗೇ ಮೇಣದಬತ್ತಿ ಆರಿಹೋಗುತ್ತದೆ. ಉಳಿದದ್ದು ಲೋಟದಲ್ಲೇ ಇರುತ್ತದೆ. ಖರ್ಚಾದದ್ದೂ ಮಾಯವಾಗುವುದಿಲ್ಲ. ಮೇಣ ಎಂಬುದು ಇಂಗಾಲ ಮತ್ತು ಜಲಜನಕದ ಸಂಯುಕ್ತ. ಅದರ ಒಂದು ಮಾದರಿ ಅಣುವಿನಲ್ಲಿ 25 ಇಂಗಾಲದ ಪರಮಾಣು, 52 ಜಲಜನಕದ ಪರಮಾಣು ಇವೆ ಎಂದಿಟ್ಟುಕೊಂಡರೆ, ಅದು ಪೂರ್ತಿ ಉರಿಯಲು 38 ಆಮ್ಲಜನಕದ ಅಣು ಬೇಕು, ಪ್ರತಿಯಾಗಿ 25 ಅಣು ಇಂಗಾಲದ ಡೈಆಕ್ಸೈಡ್ ಮತ್ತು 26 ಅಣು ನೀರು ಹುಟ್ಟುತ್ತವೆ. ನೀರಿನ ಆವಿ ಲೋಟದ ಗೋಡೆಯ ಮೇಲೆ ಮಂಜಾಗಿ ಕೂರುತ್ತದೆ. ಇಂಗಾಲದ ಡೈಆಕ್ಸೈಡ್ ಅನಿಲವಾಗಿಯೇ ಜಾಗ ಹಿಡಿದಿರುತ್ತದೆ. ಅದು ನೀರಿನಲ್ಲಿ ಕರಗುತ್ತದಾದರೂ ಅಲುಗದೆ ನಿಂತ ನೀರಿನಲ್ಲಿ ನಿಧಾನವಾಗಿ ಕರಗುತ್ತದೆ. ಲೋಟದಲ್ಲಿ 300 ಮಿಲಿಲೀಟರ್ ಗಾಳಿ ಇದ್ದರೆ ಖರ್ಚಾಗುವ ಆಮ್ಲಜನಕ ಸುಮಾರು 15 ಮಿಲಿಲೀಟರ್, ಹುಟ್ಟುವ ಇಂಗಾಲದ ಡೈಆಕ್ಸೈಡ್ ಸುಮಾರು 10. ನಿಜವಾಗಿ ತೆರವಾದ ಜಾಗ 5 ಮಿಲಿಲೀಟರ್. ಅದು ಒಂದು ಚಹಾ ಚಮಚದಷ್ಟು ಮಾತ್ರ.

ಇಷ್ಟೆಲ್ಲ ಲೆಕ್ಕ ಆರನೇ ತರಗತಿಯ ಮಗುವಿಗೆ ಬೇಡ. ಅದಕ್ಕೆ ಬೇಕಾದದ್ದು ಮೂರು ಬತ್ತಿ, ಒಂದು ಲೋಟ, ನೀರು ಎಲ್ಲಿಯವರೆಗೆ ಏರಿತೆಂದು ಗುರುತು ಹಾಕಲು ಒಂದು ಸ್ಕೆಚ್ ಪೆನ್ನು, ಮತ್ತು "ನೀರು ಯಾವಾಗ ಏರಿತು, ಗಮನಿಸಿದಿರಾ?" ಎಂದು ಕೇಳಿ ಸುಮ್ಮನೆ ಕಾಯುವ ಒಬ್ಬ ಶಿಕ್ಷಕ. ಕಾಯುವುದೇ ಕಷ್ಟದ ಕೆಲಸ. 40 ನಿಮಿಷದ ಪೀರಿಯಡ್ಡಿನಲ್ಲಿ ಪಾಠ ಮುಗಿಸಬೇಕಾದವರು ಮೊದಲು ಉತ್ತರ ಹೇಳಿ ಆಮೇಲೆ ಪ್ರಯೋಗ ತೋರಿಸುತ್ತಾರೆ. ಉತ್ತರ ಮೊದಲೇ ಕಿವಿಗೆ ಬಿದ್ದ ಮಗು ಗುಳ್ಳೆಗಳನ್ನು ನೋಡುವುದಿಲ್ಲ. ನೋಡಿದರೂ ಅದಕ್ಕೆ ಅರ್ಥವಿದೆ ಎಂದುಕೊಳ್ಳುವುದಿಲ್ಲ. ನೀರು ಏರಿತು, ಪುಸ್ತಕದಲ್ಲೂ ಹಾಗೇ ಇದೆ, ಪ್ರಯೋಗ ಮುಗಿಯಿತು. ಕೈಗೆ ಕೆಲಸ ಸಿಕ್ಕರೂ ತಲೆಗೆ ಸಿಗಲಿಲ್ಲ.

ಗಾಳಿಯಲ್ಲಿ ಆಮ್ಲಜನಕ ಐದರಲ್ಲೊಂದು ಪಾಲು ಇರುವುದು ನಿಜವೇ. ಅದನ್ನು ಶಾಲೆಯಲ್ಲಿ ತೋರಿಸಲು ಬೇರೆ ಒಳ್ಳೆಯ ದಾರಿ ಇದೆ. ಹತ್ತಿರದ ಲೇತ್ ವರ್ಕ್‌ಶಾಪಿನಿಂದ ಒಂದಿಷ್ಟು ಕಬ್ಬಿಣದ ರಜ ತನ್ನಿ. ಅದಕ್ಕೆ ಎಣ್ಣೆ ಅಂಟಿರುತ್ತದೆ, ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. 15 ಸೆಂಟಿಮೀಟರ್ ಉದ್ದದ ಪ್ರನಾಳದ ಒಳಗೋಡೆಯನ್ನು ಒದ್ದೆ ಮಾಡಿ ರಜ ಉದುರಿಸಿದರೆ ಅಲ್ಲೇ ಅಂಟಿಕೊಳ್ಳುತ್ತದೆ. ಪ್ರನಾಳವನ್ನು ನೀರಿನ ಬಟ್ಟಲಲ್ಲಿ ಬೋರಲು ನಿಲ್ಲಿಸಿ, ಬೀಳದಂತೆ ಆಸರೆ ಕೊಟ್ಟು, ಕೆಲವು ದಿನ ಬಿಡಿ. ಕಬ್ಬಿಣ ತುಕ್ಕು ಹಿಡಿಯುತ್ತ ಆಮ್ಲಜನಕವನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಇಲ್ಲಿ ಹೊಸ ಅನಿಲ ಹುಟ್ಟುವುದಿಲ್ಲ, ಗಾಳಿಯನ್ನು ಹಿಗ್ಗಿಸುವ ಉರಿಯೂ ಇಲ್ಲ. ನೀರು ಮೆಲ್ಲಗೆ ಏರಿ 3 ಸೆಂಟಿಮೀಟರಿನ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಇನ್ನೂ ಎಷ್ಟು ದಿನ ಬಿಟ್ಟರೂ ಮೇಲೆ ಹೋಗುವುದಿಲ್ಲ, ರಜ ಹೆಚ್ಚು ಹಾಕಿದರೂ ಹೋಗುವುದಿಲ್ಲ. ಪಾತ್ರೆ ತಿಕ್ಕುವ ಹೊಳೆಯುವ ಸ್ಟೀಲ್ ನಾರನ್ನು ಇದಕ್ಕೆ ಬಳಸಬೇಡಿ. ಅದು ತುಕ್ಕು ಹಿಡಿಯದ ಉಕ್ಕಾಗಿದ್ದರೆ ವಾರವಿಡೀ ಕಾದರೂ ನೀರು ಕದಲುವುದಿಲ್ಲ. ಹಾಗೆ ಕದಲದಿದ್ದರೆ, ಏಕೆ ಕದಲಲಿಲ್ಲ ಎಂಬುದೂ ಮಕ್ಕಳಿಗೆ ಕೊಡಬಹುದಾದ ಒಳ್ಳೆಯ ಪ್ರಶ್ನೆಯೇ.

ಎರಡೂ ಪ್ರಯೋಗಗಳನ್ನು ಒಂದೇ ವಾರ, ಒಂದೇ ಮೇಜಿನ ಮೇಲೆ ಮಾಡಿಸಬೇಕು. ಒಂದರಲ್ಲಿ ಬತ್ತಿ ಹೆಚ್ಚಿದಂತೆ ನೀರು ಹೆಚ್ಚು ಏರುತ್ತದೆ. ಇನ್ನೊಂದರಲ್ಲಿ ಕಬ್ಬಿಣ ಹೆಚ್ಚಿದರೂ ನೀರು ಅಲ್ಲೇ ನಿಲ್ಲುತ್ತದೆ. ಈ ಎರಡನ್ನೂ ಎದುರುಬದುರು ಇಟ್ಟುಕೊಂಡು ಯೋಚಿಸಿದ ಮಗುವಿಗೆ ಒಂದು ಅಂಕಿ ಸಿಕ್ಕಿದ ಮಾತ್ರಕ್ಕೆ ವಿವರಣೆ ಸಿಕ್ಕಂತಲ್ಲ ಎಂಬುದು ಯಾರೂ ಹೇಳದೆಯೇ ಹೊಳೆಯುತ್ತದೆ.

ಫ್ರಾನ್ಸಿನ ಲವಾಸಿಯೆ 18ನೇ ಶತಮಾನದಲ್ಲಿ ಇದೇ ಪ್ರಶ್ನೆಯ ಬೆನ್ನು ಹತ್ತಿದಾಗ ಬಳಸಿದ್ದು ಮೇಣದಬತ್ತಿಯನ್ನಲ್ಲ, ಪಾದರಸವನ್ನು. ಅಳತೆ ಮಾಡಿದ ಗಾಳಿಯೊಂದಿಗೆ ಪಾದರಸವನ್ನು ಹನ್ನೆರಡು ದಿನ ಬಿಸಿಯಾಗಿಟ್ಟ. ಪಾದರಸದ ಮೇಲೆ ಕೆಂಪು ಹುಡಿ ಕಟ್ಟಿತು. ಉರಿ ನಂದಿಸಿ, ಉಪಕರಣವೆಲ್ಲ ತಣಿದ ಮೇಲೆ ಗಾಳಿಯನ್ನು ಮತ್ತೆ ಅಳೆದ. ಸುಮಾರು 50 ಘನ ಅಂಗುಲ ಇದ್ದದ್ದು 42-43ಕ್ಕೆ ಇಳಿದಿತ್ತು. ಆಮೇಲೆ ಆ ಕೆಂಪು ಹುಡಿಯನ್ನು ಬೇರೆಯಾಗಿ ಹೆಚ್ಚು ಕಾಯಿಸಿದಾಗ, ಕಳೆದುಹೋಗಿದ್ದಷ್ಟೇ ಗಾಳಿ, 7-8 ಘನ ಅಂಗುಲ, ಮರಳಿ ಬಂತು. ಅದರಲ್ಲಿ ಬತ್ತಿ ಇನ್ನೂ ಪ್ರಖರವಾಗಿ ಉರಿಯಿತು. ಹೋದದ್ದನ್ನು ಅಳೆದ, ಬಂದದ್ದನ್ನೂ ಅಳೆದ, ಎರಡನ್ನೂ ತಾಳೆ ನೋಡಿದ. ತಣಿದ ಮೇಲೆ ಅಳೆಯಬೇಕು ಎಂಬ ಎಚ್ಚರವೊಂದೇ ಅವನ ಪ್ರಯೋಗಕ್ಕೂ ನಮ್ಮ ಶಾಲೆಯ ಲೋಟಕ್ಕೂ ಇರುವ ಅಂತರವನ್ನು ತೋರಿಸುತ್ತದೆ.

ಮೇಣದಬತ್ತಿಯನ್ನು ಇಷ್ಟು ಟೀಕಿಸಿದ ಮೇಲೆ ಅದಕ್ಕೆ ಸಲ್ಲಬೇಕಾದ ಗೌರವವನ್ನೂ ಸಲ್ಲಿಸಬೇಕು. ಮಕ್ಕಳಿಗೆ ವಿಜ್ಞಾನ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ವಸ್ತು ಕಡಿಮೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1825ರಲ್ಲಿ ಎಳೆಯರಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳು ಶುರುವಾದವು. 1860-61ರ ಚಳಿಗಾಲದಲ್ಲಿ ಮೈಕೆಲ್ ಫ್ಯಾರಡೆ ಅಲ್ಲಿ ಆರು ಉಪನ್ಯಾಸ ಕೊಟ್ಟ. ಆರಕ್ಕೂ ವಸ್ತು ಒಂದೇ ಮೇಣದಬತ್ತಿ. ಬುಕ್ ಬೈಂಡರ್ ಬಳಿ ಕೆಲಸ ಕಲಿಯುತ್ತಿದ್ದ ಹುಡುಗ ಅವನು. ಬೈಂಡಿಂಗಿಗೆ ಬಂದ ಪುಸ್ತಕಗಳನ್ನೇ ಓದಿ, ಓದಿದ್ದು ನಿಜವೇ ಎಂದು ಕೈಲಾದಷ್ಟು ಮಾಡಿ ನೋಡಿ ವಿಜ್ಞಾನಿಯಾದ. ಆದ್ದರಿಂದಲೇ ಅವನು ಮಕ್ಕಳ ಮುಂದೆ ನಿಂತಾಗ ಉತ್ತರದಿಂದ ಶುರು ಮಾಡಲಿಲ್ಲ. ಕರಗಿದ ಮೇಣ ಬತ್ತಿಯ ತುದಿಯಲ್ಲಿ ಬಟ್ಟಲಿನಂತೆ ನಿಲ್ಲುವುದು ಏಕೆ, ಅದು ನೂಲಿನಗುಂಟ ಮೇಲೇರುವುದು ಹೇಗೆ, ಜ್ವಾಲೆಯ ನಡುವಿನ ಕಪ್ಪು ಭಾಗದಲ್ಲಿ ಏನಿದೆ ಎಂದು ಒಂದೊಂದೇ ಕೆದಕುತ್ತ ಹೋಗಿ, ಕೊನೆಗೆ ಬತ್ತಿ ಉರಿಯುವುದಕ್ಕೂ ನಾವು ಉಸಿರಾಡುವುದಕ್ಕೂ ಇರುವ ನಂಟಿಗೆ ಬಂದು ನಿಂತ. ಮರುವರ್ಷವೇ ಪುಸ್ತಕವಾದ ಆ ಉಪನ್ಯಾಸಗಳನ್ನು ಜನ ಇಂದಿಗೂ ಓದುತ್ತಾರೆ.

ಅವನು ತೋರಿಸಿದ್ದರಲ್ಲಿ ಒಂದನ್ನು ನೀವೂ ಇವತ್ತೇ ಮಾಡಬಹುದು. ಚೆನ್ನಾಗಿ ಉರಿಯುತ್ತಿರುವ ಮೇಣದಬತ್ತಿಯನ್ನು ಮೆಲ್ಲಗೆ ಊದಿ ಆರಿಸಿ. ನೂಲಿನಿಂದ ಬಿಳಿ ಹೊಗೆಯ ಎಳೆಯೊಂದು ಮೇಲೇಳುತ್ತದೆ. ಗೀರಿದ ಕಡ್ಡಿಯನ್ನು ನೂಲಿಗೆ ತಾಗಿಸದೆ ಎರಡು ಬೆರಳು ಮೇಲೆ, ಆ ಎಳೆಗೆ ಹಿಡಿಯಿರಿ. ಉರಿ ಎಳೆಯಗುಂಟ ಕೆಳಕ್ಕೆ ಓಡಿ ಬತ್ತಿಯನ್ನು ಹೊತ್ತಿಸುತ್ತದೆ. ಗಾಳಿ ಬೀಸದ ಕೋಣೆ ಬೇಕು, ಕೈ ಚುರುಕಾಗಿರಬೇಕು, ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು. ಉರಿಯುವುದು ಗಟ್ಟಿ ಮೇಣವಲ್ಲ, ಅದರ ಆವಿ ಎಂದು ಇದನ್ನು ಕಂಡ ಮಗುವಿಗೆ ಬೋರ್ಡಿನ ಮೇಲೆ ಬರೆದು ಹೇಳಬೇಕಿಲ್ಲ.

ಲಂಡನ್ನಿನ ಸಭಾಂಗಣದಲ್ಲಿ ಫ್ಯಾರಡೆ ಮಾಡಿದ, ಮಕ್ಕಳು ನೋಡಿದರು. ಹಳ್ಳಿಯ ಸರ್ಕಾರಿ ಶಾಲೆಯ ಮಕ್ಕಳು ತಾವೇ ಮಾಡುವಂತಾಗಬೇಕಾದರೆ ಏನು ಬೇಕು? ಇದಕ್ಕೆ ನಮ್ಮ ದೇಶದಲ್ಲೇ ಮೂರು ದಶಕ ಕೆಲಸ ನಡೆದಿದೆ, ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ. ಆ ಊರಿನ ಈಗಿನ ಹೆಸರು ನರ್ಮದಾಪುರಂ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೆಲಸ ಬಿಟ್ಟು ಹಳ್ಳಿಗೆ ಬಂದ ಅನಿಲ್ ಸದ್ಗೋಪಾಲ್ ಮತ್ತು ಗೆಳೆಯರ ಕಿಶೋರ್ ಭಾರತಿ ಸಂಸ್ಥೆ, ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎರಡೂ ಸೇರಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ಮಕ್ಕಳೇ ಪ್ರಯೋಗ ಮಾಡಿ ವಿಜ್ಞಾನ ಕಲಿಯುವ ಕಾರ್ಯಕ್ರಮವೊಂದನ್ನು ಶುರು ಮಾಡಿದವು. 1978ರಲ್ಲಿ ಅದು ಇಡೀ ಜಿಲ್ಲೆಗೆ ಹಬ್ಬಿತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಮುಂದೆ ಅದರ ಹೊಣೆ ಹೊತ್ತುಕೊಂಡಿತು.

ಹೋಶಂಗಾಬಾದಿನವರ ಪುಸ್ತಕದ ಹೆಸರು ಬಾಲ ವೈಜ್ಞಾನಿಕ. ಅದರಲ್ಲಿ ಉತ್ತರಗಳಿರಲಿಲ್ಲ. ಮಾಡು, ನೋಡು, ಬರೆ, ಏಕೆಂದು ಯೋಚಿಸು ಎನ್ನುವ ಸೂಚನೆ ಮತ್ತು ಪ್ರಶ್ನೆಗಳಿದ್ದವು. ಮಕ್ಕಳು ನಾಲ್ಕು ನಾಲ್ಕು ಜನ ಗುಂಪಾಗಿ ಕೂತು ಮಾಡುತ್ತಿದ್ದರು, ಬೇಕಾದ ಸಾಮಾನಿನ ಕಿಟ್ ಶಾಲೆಯಲ್ಲೇ ಇರುತ್ತಿತ್ತು. ಶಿಕ್ಷಕರು ಮೊದಲು ತರಬೇತಿಯಲ್ಲಿ ಕೂತು ಅದೇ ಪ್ರಯೋಗಗಳನ್ನು ಮಕ್ಕಳಂತೆ ತಾವೇ ಮಾಡಿ, ವಾದ ಮಾಡಿ, ತಡವರಿಸಿ ಕಲಿಯುತ್ತಿದ್ದರು. ಮಕ್ಕಳು ಮನಸ್ಸಿಗೆ ಬಂದದ್ದನ್ನು ಕೇಳಿ ಕಾಗದ ಬರೆಯಲು ಸವಾಲೀರಾಮ್ ಎಂಬ ಕಲ್ಪನೆಯ ವ್ಯಕ್ತಿಯೊಬ್ಬನಿದ್ದ, ಅವನ ಹೆಸರಿನಲ್ಲಿ ಉತ್ತರ ಹೋಗುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾದ ಬದಲಾವಣೆ ಪರೀಕ್ಷೆಯಲ್ಲಿ ಆಯಿತು ಎಂಬುದು ನನ್ನ ಅಭಿಪ್ರಾಯ. ಮಕ್ಕಳು ಪುಸ್ತಕ ತೆರೆದಿಟ್ಟುಕೊಂಡು ಬರೆಯಬಹುದಿತ್ತು, ಜೊತೆಗೆ ಪ್ರಯೋಗ ಮಾಡಿ ತೋರಿಸಬೇಕಿತ್ತು. ಬಾಯಿಪಾಠ ಮಾಡಿದವನಿಗೆ ಅಲ್ಲಿ ಲಾಭವಿರಲಿಲ್ಲ.

ಕಾನ್ಪುರದ ಐಐಟಿಯಿಂದ ಎಂಜಿನಿಯರಾಗಿ ಹೊರಬಂದು ಪುಣೆಯ ಕಾರ್ಖಾನೆಯಲ್ಲಿದ್ದ ಅರವಿಂದ ಗುಪ್ತಾ ಅವರು 1978ರಲ್ಲಿ ರಜೆ ಹಾಕಿ ಹೋದದ್ದು ಇಲ್ಲಿಗೇ. ವಾರದ ಸಂತೆಯಲ್ಲಿ ಸಿಗುವ ಸೈಕಲ್ಲಿನ ವಾಲ್ ಟ್ಯೂಬು ಮತ್ತು ಬೆಂಕಿಕಡ್ಡಿಗಳಿಂದ ಅವರು ಅಲ್ಲಿ ಆಕೃತಿಗಳನ್ನು ಕಟ್ಟಿದರು. ಟ್ಯೂಬಿನ ಸಣ್ಣ ತುಂಡುಗಳೇ ಕೀಲು, ಕಡ್ಡಿಗಳೇ ತೊಲೆ. ನಾಲ್ಕು ಕಡ್ಡಿಯ ಚೌಕವನ್ನು ಒತ್ತಿದರೆ ಓರೆಯಾಗುತ್ತದೆ, ಮೂರು ಕಡ್ಡಿಯ ತ್ರಿಕೋನವನ್ನು ಎಷ್ಟು ಒತ್ತಿದರೂ ಆಕಾರ ಬಿಡುವುದಿಲ್ಲ. ಸೇತುವೆಯಲ್ಲೂ ಮೊಬೈಲ್ ಟವರಿನಲ್ಲೂ ತ್ರಿಕೋನಗಳೇ ಏಕೆ ತುಂಬಿರುತ್ತವೆ ಎಂಬುದು ಐದು ನಿಮಿಷದಲ್ಲಿ ಬೆರಳಿಗೇ ತಿಳಿಯುತ್ತದೆ. ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸುವ ಅವರ ಪುಸ್ತಕಗಳು ದೇಶದ ಹಲವು ಭಾಷೆಗಳಿಗೆ ಬಂದಿವೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಹೋಶಂಗಾಬಾದ್ ಕಾರ್ಯಕ್ರಮವನ್ನು 2002ರಲ್ಲಿ ರಾಜ್ಯ ಸರ್ಕಾರ ನಿಲ್ಲಿಸಿತು. ಆ ಹೊತ್ತಿಗೆ ಅದು ಹಲವು ಜಿಲ್ಲೆಗಳ ನೂರಾರು ಶಾಲೆಗಳನ್ನು ಮುಟ್ಟಿತ್ತು. ಅದು ನಿಂತದ್ದು ದೊಡ್ಡ ನಷ್ಟ.

ಉತ್ತರವಿಲ್ಲದ ಪುಸ್ತಕದಿಂದ ಕಲಿಯುವುದು ಹೇಗಿರುತ್ತದೆ ಎಂಬುದಕ್ಕೆ ನಮ್ಮ ಊರಿನದೇ ಉದಾಹರಣೆ ತೆಗೆದುಕೊಳ್ಳೋಣ. ಮಳೆಗಾಲದಲ್ಲಿ ಮಕ್ಕಳನ್ನು ಶಾಲೆಯ ಹಿಂದಿನ ಬಯಲಿಗೆ, ಹೊಲದ ಬದುವಿಗೆ ಕರೆದೊಯ್ದು, ಪೈರಿಗೆ ಕೈ ಹಚ್ಚದೆ, ಕಳೆಗಿಡ ಮತ್ತು ತಾನಾಗಿ ಹುಟ್ಟಿದ ಸಸಿಗಳನ್ನು ಬೇರುಸಹಿತ ಕೀಳಿಸಿ. ಎಲೆಯಲ್ಲಿ ಗೆರೆಗಳು ಉದ್ದುದ್ದಕ್ಕೆ ಸಾಗಿವೆಯೇ, ಬಲೆಯಂತೆ ಹೆಣೆದಿವೆಯೇ? ಬೇರು ನಡುವೆ ಒಂದು ದಪ್ಪ ತಾಯಿಬೇರೇ, ಗಡ್ಡದಂತೆ ಹಲವು ಎಳೆಗಳೇ? ರಾಗಿ, ಜೋಳ, ಗರಿಕೆ ಒಂದು ಕಡೆ ಸೇರುತ್ತವೆ. ತೊಗರಿ, ಹುರುಳಿ, ತುಂಬೆ ಇನ್ನೊಂದು ಕಡೆ. ಉದ್ದ ಗೆರೆಯ ಎಲೆಗೆ ತಂತುಬೇರು, ಬಲೆಯ ಎಲೆಗೆ ತಾಯಿಬೇರು ಎಂಬ ನಿಯಮವನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಅಷ್ಟರಲ್ಲಿ ಮಲೆನಾಡಿನ ಯಾವುದೋ ಮಗು ಹಳ್ಳದ ಬದಿಯಿಂದ ಕೆಸುವಿನ ಗಿಡ ಕಿತ್ತು ತರುತ್ತದೆ. "ಮಿಸ್, ಇದರ ಎಲೆಯಲ್ಲಿ ಬಲೆ ಇದೆ, ಬೇರು ಮಾತ್ರ ಗಡ್ಡದ ಥರ ಇದೆ."

ಆ ಕ್ಷಣ ಬಹಳ ಬೆಲೆಯುಳ್ಳದ್ದು. "ಅದು ಪರೀಕ್ಷೆಗೆ ಬರಲ್ಲ, ಬಿಡು" ಎಂದರೆ ಮಗು ಕಲಿಯುವುದು ನಿಯಮಕ್ಕೆ ಹೊಂದದ್ದನ್ನು ಬಚ್ಚಿಡಬೇಕು ಎಂಬ ಪಾಠವನ್ನು. ಕೆಸು ರಾಗಿ, ಜೋಳಗಳಂತೆ ಏಕದಳ ಸಸ್ಯವೇ, ಆದರೂ ಅದರ ಎಲೆಯ ಗೆರೆಗಳು ಬಲೆಯಾಗಿ ಹೆಣೆದುಕೊಂಡಿರುತ್ತವೆ. ಸಸ್ಯವಿಜ್ಞಾನದ ನಿಯಮಗಳು ಬಹುಪಾಲು ಸಸ್ಯಗಳಿಗೆ ಹೊಂದುತ್ತವೆ, ಎಲ್ಲಕ್ಕೂ ಅಲ್ಲ. ಹೊಂದದ ಒಂದು ಗಿಡವನ್ನು ಹುಡುಕಿ ತಂದ ಮಗು ಆ ದಿನ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ವಿಜ್ಞಾನ ಮಾಡಿದೆ. ಅದರ ಹೆಸರು, ಗಿಡದ ಹೆಸರು ಎರಡೂ ಬೋರ್ಡಿನ ಮೇಲೆ ಬರಬೇಕು.

ಲೋಲಕದಲ್ಲೂ ಇಂಥದ್ದೇ ಸಿರಿ ಇದೆ. ದಾರ, ಒಂದು ನಟ್ಟು, ಸ್ಕೇಲು, ಸೆಕೆಂಡಿನ ಮುಳ್ಳಿರುವ ಗಡಿಯಾರ ಇದ್ದರೆ ಸಾಕು. 25 ಸೆಂಟಿಮೀಟರ್ ಉದ್ದಕ್ಕೆ 20 ಓಲಾಟ ಎಣಿಸಿದರೆ ಸುಮಾರು 20 ಸೆಕೆಂಡ್ ಬರುತ್ತದೆ. 50 ಸೆಂಟಿಮೀಟರಿಗೆ 28ರ ಮೇಲೆ ಸ್ವಲ್ಪ. ಉದ್ದ ಎರಡು ಪಟ್ಟಾದರೆ ಕಾಲವೂ ಎರಡು ಪಟ್ಟಾಗುತ್ತದೆ ಎಂದು ಪಂಥ ಕಟ್ಟಿದ್ದ ಮಕ್ಕಳಿಗೆ ಇಲ್ಲಿ ಆಶ್ಚರ್ಯ. ಕಾಲ ಎರಡು ಪಟ್ಟಾಗಲು ಉದ್ದ ನಾಲ್ಕು ಪಟ್ಟು ಬೇಕು, 100 ಸೆಂಟಿಮೀಟರಿಗೆ 40 ಸೆಕೆಂಡ್. ಇನ್ನೊಂದು ಗುಂಪು ನಟ್ಟಿನ ಬದಲು ದೊಡ್ಡ ಕಲ್ಲು ಕಟ್ಟಿ "ಭಾರ ಹೆಚ್ಚಾದರೆ ನಿಧಾನವಾಗುತ್ತೆ ಸಾರ್" ಎಂದು ಅಂಕಿಸಮೇತ ವಾದಿಸುತ್ತದೆ. ಅವರ ಗಡಿಯಾರ ಸರಿ, ಎಣಿಕೆ ಸರಿ. ಉದ್ದವನ್ನು ಗಂಟಿನವರೆಗೆ ಅಳೆದಿದ್ದಾರೆ, ಕಲ್ಲಿನ ಮಧ್ಯದವರೆಗೆ ಅಳೆಯಬೇಕಿತ್ತು. ಕಲ್ಲು ದೊಡ್ಡದಾದಂತೆ ಅದರ ಮಧ್ಯ ಕೆಳಗೆ ಹೋಗಿ ಲೋಲಕ ತಿಳಿಯದಂತೆ ಉದ್ದವಾಗಿತ್ತು. ಮೂರನೆಯ ಗುಂಪು ದಾರವನ್ನು 60 ಡಿಗ್ರಿಯಷ್ಟು ಓರೆ ಎಳೆದು ಬಿಟ್ಟಿರುತ್ತದೆ. ಅಷ್ಟು ಅಗಲದ ಓಲಾಟಕ್ಕೆ ಸಣ್ಣ ಓಲಾಟಕ್ಕಿಂತ ಶೇಕಡಾ 7ರಷ್ಟು ಹೆಚ್ಚು ಕಾಲ ಬೇಕು. ಓಲಾಟ ಎಷ್ಟೇ ಅಗಲವಿದ್ದರೂ ಕಾಲ ಒಂದೇ ಎಂಬ ಮಾತು ಸಣ್ಣ ಓಲಾಟಕ್ಕೆ ಮಾತ್ರ ಸಲ್ಲುತ್ತದೆ. ಮೂರು ಗುಂಪುಗಳ ಅಂಕಿ ಬೇರೆ ಬೇರೆ ಬಂದಿವೆ, ಯಾರೂ ಸುಳ್ಳು ಹೇಳಿಲ್ಲ. ಈ ಅಂತರ ಎಲ್ಲಿಂದ ಬಂತು ಎಂದು ಹುಡುಕುವ ಅರ್ಧ ಗಂಟೆಯಲ್ಲಿ ಅವರು ಕಲಿಯುವುದನ್ನು ಯಾವ ಉಪನ್ಯಾಸವೂ ಕಲಿಸಲಾರದು.

ಇದೇ ಲೋಲಕ ಪಿಯುಸಿಗೆ ಬರುವ ಹೊತ್ತಿಗೆ ಏನಾಗುತ್ತದೆ ಎಂಬುದನ್ನು ಹೇಳಲು ನನಗೆ ಸಂಕಟವಾಗುತ್ತದೆ. ಗುರುತ್ವ ವೇಗೋತ್ಕರ್ಷ ಕಂಡುಹಿಡಿಯುವ ಪ್ರಯೋಗ. ಉತ್ತರ 9.8 ಎಂದು ಎಲ್ಲರಿಗೂ ಗೊತ್ತು. ಗೊತ್ತಿರುವ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆಯುವವರು ಎಷ್ಟೋ ಜನ. ಸೀನಿಯರ್‌ಗಳ ರೆಕಾರ್ಡು ಕೈಯಿಂದ ಕೈಗೆ ದಾಟುತ್ತದೆ. ಬಹಳ ಕಡೆ ಉತ್ತರ 9.81 ಎಂದು ಎರಡು ದಶಮಾಂಶದವರೆಗೆ ಬರುತ್ತದೆ. 9.81 ಎಂಬುದು ಲಂಡನ್, ಪ್ಯಾರಿಸ್‌ನಂಥ ಊರುಗಳ ಬೆಲೆ. ಭೂಮಿ ತನ್ನ ಸುತ್ತ ತಿರುಗುವುದರಿಂದಲೂ ನಡುವೆ ಸ್ವಲ್ಪ ಉಬ್ಬಿರುವುದರಿಂದಲೂ ಗುರುತ್ವ ಧ್ರುವದ ಕಡೆ ಹೆಚ್ಚು, ಸಮಭಾಜಕದ ಕಡೆ ಕಡಿಮೆ. ಎತ್ತರಕ್ಕೆ ಹೋದರೂ ಕಡಿಮೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಅದು 9.78. ಅಂದರೆ ನಮ್ಮೂರಿನ ಲ್ಯಾಬಿನಲ್ಲಿ 9.81 ಬರೆದ ವಿದ್ಯಾರ್ಥಿ ಅಳೆದದ್ದು ತನ್ನ ಮೇಜಿನ ಮೇಲಿನ ಲೋಲಕವನ್ನಲ್ಲ.

9.81 ಮತ್ತು 9.78 ಎರಡನ್ನೂ ಬೇರ್ಪಡಿಸಿ ಅಳೆಯುವುದು ಶಾಲೆಯ ಲ್ಯಾಬಿನಲ್ಲಿ ಸುಲಭವಲ್ಲ ಎಂಬುದನ್ನೂ ಹೇಳಬೇಕು. ಒಂದು ಮೀಟರ್ ಉದ್ದದ ಲೋಲಕ 100 ಓಲಾಟಕ್ಕೆ ಸುಮಾರು 200 ಸೆಕೆಂಡ್ ತೆಗೆದುಕೊಳ್ಳುತ್ತದೆ. ಗುರುತ್ವ 9.81 ಇರುವಲ್ಲಿಗೂ 9.78 ಇರುವಲ್ಲಿಗೂ ಆ ಕಾಲದಲ್ಲಿ ಬರುವ ವ್ಯತ್ಯಾಸ 0.3 ಸೆಕೆಂಡ್. ಬೆರಳು ಸ್ಟಾಪ್‌ವಾಚ್ ಒತ್ತುವುದರಲ್ಲೇ 0.2 ಸೆಕೆಂಡ್ ಹೆಚ್ಚುಕಡಿಮೆಯಾಗಬಹುದು. ಉದ್ದದಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಉತ್ತರದಲ್ಲಿ 0.01 ತಪ್ಪುತ್ತದೆ. ಹಾಗಾಗಿ ವಿದ್ಯಾರ್ಥಿಯೊಬ್ಬಳು 9.7 ಎಂದೋ 9.9 ಎಂದೋ ಬರೆದು, ತನ್ನ ಅಳತೆಯಲ್ಲಿ ಎಷ್ಟು ಅನಿಶ್ಚಿತತೆ ಇದೆ, ಅದು ಎಲ್ಲಿಂದ ಬಂತು ಎಂದು ಎರಡು ಸಾಲು ಸೇರಿಸಿದರೆ, ಅದು ಒಳ್ಳೆಯ ಪ್ರಯೋಗ. 9.81 ಎಂದು ಮಾತ್ರ ಬರೆದ ರೆಕಾರ್ಡಿಗಿಂತ ಬಹಳ ಒಳ್ಳೆಯದು. ನಮ್ಮ ಪದ್ಧತಿ ಮಾತ್ರ ಎರಡನೆಯದಕ್ಕೇ ಹೆಚ್ಚು ಅಂಕ ಕೊಡುತ್ತದೆ. ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರದ 100 ಅಂಕದಲ್ಲಿ 30 ಪ್ರಾಯೋಗಿಕ ಪರೀಕ್ಷೆಗೆ ಮೀಸಲು. ಆ ಅಂಕಗಳು ಅಳತೆಗೆ ಸಿಗುತ್ತಿವೆಯೋ ನಕಲಿಗೆ ಸಿಗುತ್ತಿವೆಯೋ ಎಂಬುದು ಮೌಲ್ಯಮಾಪನ ಮಾಡುವವರ ಕೈಯಲ್ಲಿದೆ.

ಕರ್ನಾಟಕದಲ್ಲಿ ಈ ದಾರಿಯಲ್ಲಿ ನಡೆದವರು ಕಡಿಮೆಯಿಲ್ಲ. ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ಜನಸಾಮಾನ್ಯರನ್ನು ವಿಜ್ಞಾನಿಗಳ ಮುಂದೆ ಕೂರಿಸಿ ಪ್ರಶ್ನೆ ಕೇಳಲು ಕಲಿಸಿತು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಬಾಲ ವಿಜ್ಞಾನ ಪತ್ರಿಕೆ ಹಳ್ಳಿಯ ಶಾಲೆಗಳಿಗೂ ಕನ್ನಡದಲ್ಲಿ ಪ್ರಯೋಗಗಳನ್ನು ತಲುಪಿಸಿದೆ. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ನಮ್ಮ ಮಕ್ಕಳು ತಮ್ಮೂರಿನ ಕೆರೆ, ಕಸ, ಬೆಳೆಗಳನ್ನು ತಾವೇ ಅಧ್ಯಯನ ಮಾಡಿ ಹೋಗುತ್ತಾರೆ. ನೆರೆಯ ಕುಪ್ಪಂನಲ್ಲಿ ನೆಲೆ ಇರುವ ಅಗಸ್ತ್ಯ ಪ್ರತಿಷ್ಠಾನದ ಸಂಚಾರಿ ಪ್ರಯೋಗಾಲಯಗಳು ಪ್ರಯೋಗದ ಸಾಮಾನನ್ನು ವ್ಯಾನಿನಲ್ಲಿ ಹೊತ್ತು ಸರ್ಕಾರಿ ಶಾಲೆಗಳ ಅಂಗಳಕ್ಕೆ ಬರುತ್ತವೆ. ಇವೆಲ್ಲ ಸಂತೋಷದ ಸಂಗತಿಗಳು. ಆದರೆ ವ್ಯಾನು ಸಂಜೆ ಹೊರಟುಹೋಗುತ್ತದೆ. ಮರುದಿನ ತರಗತಿಯಲ್ಲಿ ಉಳಿಯುವವರು ಅದೇ ಮೇಷ್ಟರು, ಅದೇ ಮಕ್ಕಳು. ಬದಲಾವಣೆ ಆಗಬೇಕಾದದ್ದು ಅಲ್ಲಿ. ವರ್ಷಕ್ಕೊಮ್ಮೆ ಫೆಬ್ರವರಿ 28ರ ವಿಜ್ಞಾನ ದಿನದಂದು ಥರ್ಮಕೋಲಿನ ಜ್ವಾಲಾಮುಖಿಯಿಂದ ಅಡುಗೆ ಸೋಡಾದ ನೊರೆ ಉಕ್ಕಿಸಿ ಚಪ್ಪಾಳೆ ತಟ್ಟಿದರೆ ಸಾಲದು. ಆ ಸೋಡಾ ಮತ್ತು ನಿಂಬೆರಸವನ್ನೇ ಮಕ್ಕಳ ಕೈಗೆ ಕೊಟ್ಟು, ಎಷ್ಟು ಸೋಡಾಕ್ಕೆ ಎಷ್ಟು ರಸ ಹಾಕಿದರೆ ನೊರೆ ನಿಲ್ಲುತ್ತದೆ ಎಂದು ಅಳೆಯಲು ಬಿಟ್ಟರೆ ಅದೇ ಎರಡು ರೂಪಾಯಿಯ ಸಾಮಾನು ಒಂದು ವಾರದ ಪಾಠವಾಗುತ್ತದೆ.

ಶಿಕ್ಷಕರ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಒಂದು ಕೋಣೆಯಲ್ಲಿ 60 ಮಕ್ಕಳು, ಮುಗಿಸಲೇಬೇಕಾದ ಪಠ್ಯ, ಬೀಗ ಹಾಕಿದ ಲ್ಯಾಬು, ಗಾಜು ಒಡೆದರೆ ಲೆಕ್ಕ ಕೊಡಬೇಕೆಂಬ ಭಯ. ಇವುಗಳ ಜೊತೆಗೆ ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಅಳುಕಿದೆ: ಮಕ್ಕಳ ಮುಂದೆ ಪ್ರಯೋಗ ಕೈಕೊಟ್ಟರೆ ಮರ್ಯಾದೆ ಹೋಗುತ್ತದೆ ಎಂಬುದು. "ನನಗೂ ಗೊತ್ತಿಲ್ಲ, ಬನ್ನಿ ನೋಡೋಣ" ಎಂದ ಶಿಕ್ಷಕರ ಮೇಲೆ ಮಕ್ಕಳ ಗೌರವ ಕಡಿಮೆಯಾಗುವುದಿಲ್ಲ. ಹೋಶಂಗಾಬಾದಿನ ತರಬೇತಿಗಳು ಶಿಕ್ಷಕರಿಗೆ ಮೊದಲು ಕೊಟ್ಟದ್ದು ಈ ಧೈರ್ಯವನ್ನೇ.

ಆದ್ದರಿಂದ ಶಿಕ್ಷಕರಲ್ಲಿ, ಪರೀಕ್ಷಕರಲ್ಲಿ, ತಂದೆತಾಯಿಗಳಲ್ಲಿ ಒಂದು ಕೋರಿಕೆ. ಮಗು ಪ್ರಯೋಗ ಮಾಡುವಾಗ ಅಂಕಿಗಳನ್ನು ಬರೆದುಕೊಂಡ ಒರಟು ಪುಸ್ತಕವನ್ನೇ ರೆಕಾರ್ಡು ಎಂದು ಒಪ್ಪಿಕೊಳ್ಳಿ. ಅದರಲ್ಲಿ ಕಾಟು ಹೊಡೆದ ಸಾಲುಗಳಿರುತ್ತವೆ, ನೀರು ಚೆಲ್ಲಿದ ಕಲೆ ಇರುತ್ತದೆ, ಒಂದೇ ಅಳತೆಗೆ ಮೂರು ಬೇರೆ ಬೇರೆ ಉತ್ತರಗಳಿರುತ್ತವೆ. ಅದನ್ನು ನೀಟಾಗಿ ಬರೆದು ತಾ ಎಂದು ವಾಪಸು ಕಳಿಸಬೇಡಿ. ಇದ್ದಂತೆಯೇ ಸಹಿ ಹಾಕಿ, ಪೂರ್ತಿ ಅಂಕ ಕೊಡಿ.